ಒಂದು ಯುದ್ಧ ಹಾಕಿ ಕೊಡಿ ಎಂದವರಿಗೆ ಮಂಗಳೂರಿನಿಂದ ಬಹಿರಂಗ ಪತ್ರ

ಚಾರಿತ್ರಿಕ ಕಾದಂಬರಿ ಬರೆಯುವ ಕನ್ನಡದ ಲೇಖಕರಿಗೆ, ಅದನ್ನು ಅಚ್ಚು ಹಾಕುವ ಪ್ರಕಾಶಕರಿಗೆ ನಮಸ್ಕಾರ.

ನಾನು ಸಾಹಿತಿ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಊರು ಉಡುಪಿ ಕಡೆ. ಈಗ ಇರುವುದು ಮಂಗಳೂರಿನಲ್ಲಿ, ಮಗಳ ಮನೆಯ ಹತ್ತಿರ. ಹೈಸ್ಕೂಲು ಮುಗಿಸಿ ಬೊಂಬಾಯಿಗೆ ಹೋದೆ, ಹೋಟೆಲಿನಲ್ಲಿ ಲೋಟ ತೊಳೆದೆ, ಅಲ್ಲಿಂದ ಗಲ್ಫಿಗೆ ಹೋಗಿ 11 ವರ್ಷ ಒಂದು ಅರಮನೆಯಲ್ಲಿ ಪ್ಯಾಂಟ್ರಿ ಕೆಲಸ ಮಾಡಿದೆ. ಅರಮನೆ ಎಂದರೆ ನಿಜವಾದ ಅರಮನೆಯೇ, ರಾಜಮನೆತನದವರದ್ದು. ಯಾವ ದೇಶ, ಯಾವ ಮನೆತನ ಎಂದು ಹೇಳುವುದಿಲ್ಲ. ನೀವು ಅರಮನೆಯ ಬಗ್ಗೆ ಬರೆದಿದ್ದೀರಿ, ನಾನು ಅಲ್ಲಿ ಟ್ರೇ ಹಿಡಿದು ನಿಂತಿದ್ದೇನೆ. ಅಷ್ಟರ ಮಟ್ಟಿಗೆ ಮಾತಾಡುವ ಹಕ್ಕು ಉಂಟು ಅಂತ ನನ್ನ ಲೆಕ್ಕ.

ವಿಷಯ ಏನೆಂದರೆ ನಾನೂ ಒಂದು ಕಾದಂಬರಿ ಬರೆದೆ. 4 ವರ್ಷ ಹಿಡಿಯಿತು. ಉದ್ದದ ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಬರೆದು, ಮೊಮ್ಮಗಳ ಕೈಕಾಲು ಹಿಡಿದು ಟೈಪ್ ಮಾಡಿಸಿದೆ. ಕೆಳದಿ ನಾಯಕರ ರಾಜಧಾನಿಯಾಗಿದ್ದ 1623ರ ಇಕ್ಕೇರಿ, ಅಲ್ಲಿಗೆ ಬಂದ ಹೊರಗಿನವರು, ಅವರ ಮಾತನ್ನು ಇವರಿಗೆ ಇವರ ಮಾತನ್ನು ಅವರಿಗೆ ದಾಟಿಸುವ ಒಬ್ಬ ದುಭಾಷಿ. ಅಷ್ಟೇ ಕಥೆ. ಒಬ್ಬ ಪ್ರಕಾಶಕರಿಗೆ ಕಳಿಸಿದೆ. ಹೆಸರು ಬೇಡ, ಒಳ್ಳೆಯ ಜನವೇ. ಎರಡು ತಿಂಗಳ ಮೇಲೆ ಅವರು ಫೋನ್ ಮಾಡಿ, "ಭಾಷೆ ಚೆನ್ನಾಗುಂಟು ಮಾರಾಯ್ರೇ, ಆದರೆ 60 ಪುಟ ಆದರೂ ಯಾರೂ ರಾಜನ ಮುಖ ನೋಡುವುದೇ ಇಲ್ಲ. ಸುಮ್ನೆ ಕಾಯ್ತಾ ಇರ್ತಾರೆ. ಒಂದು ಯುದ್ಧ ಹಾಕಿ ಕೊಡಿ, ಪ್ರಿಂಟ್ ಮಾಡುವ" ಎಂದರು.

ಒಗ್ಗರಣೆ ಹಾಕಿ ಕೊಡಿ ಎಂದ ಹಾಗೆ.

ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ನಗೆ ಬಂತು. ಯಾಕೆಂದರೆ ನಾನು 60 ಪುಟ ಕಾಯಿಸಿದ್ದು ಅವರಿಗೆ ಜಾಸ್ತಿ ಆಯಿತು, ನಾನು ಅರಮನೆ ಸೇರಿ ದೊರೆಯ ಮುಖ ಹತ್ತಿರದಿಂದ ನೋಡಿದ್ದು 7 ತಿಂಗಳ ಮೇಲೆ. ಅದೂ ಅವರು ನನ್ನನ್ನು ನೋಡಲಿಲ್ಲ, ನನ್ನ ಕೈಯಲ್ಲಿದ್ದ ಖರ್ಜೂರದ ತಟ್ಟೆ ನೋಡಿದರು.

ನಮ್ಮ ಕಾದಂಬರಿಗಳಲ್ಲಿ ದೂತ ಬರುತ್ತಾನೆ, ಬಾಗಿಲು ತೆರೆಯುತ್ತದೆ, ರಾಜ ಸಿಂಹಾಸನದಲ್ಲಿ ಇರುತ್ತಾನೆ, ಮಾತು ಶುರು. ನಾನು ನೋಡಿದ ಅರಮನೆಯಲ್ಲಿ ಹಾಗೆ ಒಂದು ದಿನವೂ ಆಗಲಿಲ್ಲ. ಅಲ್ಲಿ ದೊಡ್ಡ ದೊಡ್ಡವರು, ಕೋಟು ಹಾಕಿದವರು, ಬ್ರೀಫ್‌ಕೇಸಿನವರು, ಬೆಳಿಗ್ಗೆ ಹತ್ತಕ್ಕೆ ಬಂದು ಕೂತರೆ ಮಧ್ಯಾಹ್ನದ ನಮಾಜು ಮುಗಿದು, ಊಟ ಮುಗಿದು, ಸಂಜೆ ದೀಪ ಹಾಕುವ ತನಕವೂ ಕೂತೇ ಇರುತ್ತಿದ್ದರು, ಕೊನೆಗೆ ಯಾರೋ ಬಂದು ನಾಳೆ ಬನ್ನಿ ಎಂದರೆ ಮುಖದಲ್ಲಿ ಒಂದು ಗೆರೆಯೂ ಆಚೀಚೆ ಆಗದ ಹಾಗೆ ಎದ್ದು ಹೋಗುತ್ತಿದ್ದರು. ನಾಳೆಯೂ ಅದೇ. ಯಾರು ಎಷ್ಟು ಹೊತ್ತು ಕಾದರು ಎಂಬುದೇ ಅವರ ಬೆಲೆ. ಕಾಯಿಸುವವನಿಗೆ ಇದು ಗೊತ್ತು, ಕಾಯುವವನಿಗೂ ಗೊತ್ತು. ಹೊಸಬನಿಗೆ ಮಾತ್ರ ಗೊತ್ತಿಲ್ಲ, ಅವನು ಗಡಿಯಾರ ನೋಡುತ್ತಾನೆ. ಗಡಿಯಾರ ನೋಡಿದವನ ಕೆಲಸ ಆದದ್ದನ್ನು ನಾನು ಕಂಡಿಲ್ಲ.

ಕಾಫಿಯ ಕಥೆ ಹೇಳುತ್ತೇನೆ. ಅಲ್ಲಿ ಗಾವಾ ಎಂದು ಕೊಡುತ್ತಾರೆ, ಏಲಕ್ಕಿ ಹಾಕಿದ ಕಹಿ ಕಾಫಿ, ಹಾಲಿಲ್ಲ ಸಕ್ಕರೆ ಇಲ್ಲ. ಎಡಗೈಯಲ್ಲಿ ಉದ್ದ ಕೊಕ್ಕಿನ ಹೂಜಿ, ಬಲಗೈಯಲ್ಲಿ ಹಿಡಿ ಇಲ್ಲದ ಪುಟ್ಟ ಕಪ್ಪು. ತುಂಬ ಹೊಯ್ಯಬಾರದು, ತಳದಲ್ಲಿ ಸ್ವಲ್ಪ. ಕುಡಿದವರು ಕಪ್ಪು ವಾಪಸ್ ಕೊಡುವಾಗ ಮಣಿಕಟ್ಟಿನಲ್ಲಿ ಒಮ್ಮೆ ಅಲ್ಲಾಡಿಸಿದರೆ ಸಾಕು ಎಂದು ಅರ್ಥ. ಅಲ್ಲಾಡಿಸದಿದ್ದರೆ ಮತ್ತೆ ಹೊಯ್ಯಬೇಕು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. "ಖಾಲಿ ಆದರೆ ಹೊಯ್ಯಿ" ಅಂತ ಮಾತ್ರ ಹೇಳಿದ್ದರು. ಮೊದಲ ವಾರದಲ್ಲೇ ಒಬ್ಬ ಬಿಳಿಯ ಅತಿಥಿ ಬಂದು ಕೂತ. ಅವನಿಗೂ ಯಾರೂ ಹೇಳಿರಲಿಲ್ಲ. ನಾನು ಹೊಯ್ದೆ, ಅವನು ಕುಡಿದ, ಕಪ್ಪು ಚಾಚಿದ. ಮತ್ತೆ ಹೊಯ್ದೆ. ಬೇಡ ಎಂದರೆ ಅವಮಾನ ಆಗಬಹುದು ಅಂತ ಅವನು, ನಿಲ್ಲಿಸಿದರೆ ಕೆಲಸ ಹೋಗಬಹುದು ಅಂತ ನಾನು. ಒಂಬತ್ತು ಕಪ್ಪು ಆಯಿತು. ಅವನ ಹಣೆಯಲ್ಲಿ ಬೆವರು, ನನ್ನ ಹಣೆಯಲ್ಲೂ ಬೆವರು. ಕೊನೆಗೆ ಮೂಲೆಯಲ್ಲಿದ್ದ ಕೇರಳದ ಇಕ್ಕ, ನಮ್ಮ ಮೇಲಿನವರು, ಬಂದು ಅತಿಥಿಯ ಕೈಯಿಂದ ಕಪ್ಪು ತೆಗೆದುಕೊಂಡು ತಾವೇ ಒಮ್ಮೆ ಅಲ್ಲಾಡಿಸಿದರು. ಇಬ್ಬರಿಗೂ ಒಟ್ಟಿಗೆ ಅರ್ಥ ಆಯಿತು.

ಇಂಥದ್ದು ಒಂದಾದರೂ ನಿಮ್ಮ ಕಾದಂಬರಿಗಳಲ್ಲಿ ಉಂಟಾ?

ಈಗ ಇಕ್ಕೇರಿಗೆ ಬರುತ್ತೇನೆ. ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ರೋಮಿನವನು 1623ರಲ್ಲಿ ಗೋವಾದಿಂದ ಹೊರಟು, ಹೊನ್ನಾವರ, ಗೇರುಸೊಪ್ಪೆ ದಾಟಿ, ಘಟ್ಟ ಹತ್ತಿ ಕೆಳದಿಯ ವೆಂಕಟಪ್ಪ ನಾಯಕನ ರಾಜಧಾನಿ ಇಕ್ಕೇರಿಗೆ ಬಂದ. ಪೋರ್ಚುಗೀಸರ ರಾಯಭಾರಿಯ ಜೊತೆ ಬಂದದ್ದು, ಆದರೆ ಇವನಿಗೆ ಕೆಲಸ ಏನಿಲ್ಲ, ಸುಮ್ನೆ ನೋಡಲಿಕ್ಕೆ. ಕಂಡದ್ದನ್ನೆಲ್ಲ ನೇಪಲ್ಸಿನ ತನ್ನ ಗೆಳೆಯ ಒಬ್ಬ ವೈದ್ಯನಿಗೆ ಪತ್ರ ಬರೆದ. ರಾಯಭಾರಿಗೆ ತಲೆಬಿಸಿ ಇದ್ದದ್ದು ಕಾಳುಮೆಣಸಿನ ವ್ಯಾಪಾರ, ಮಂಗಳೂರಿನ ಬಂಗರಸನ ಸೀಮೆಯ ತಕರಾರು. ಇವನಿಗೆ ಅದು ಯಾವುದೂ ಇಲ್ಲದ ಕಾರಣ ಕಣ್ಣು ಖಾಲಿ ಇತ್ತು.

ಕಣ್ಣು ಖಾಲಿ ಇದ್ದವನಿಗೆ ಏನೆಲ್ಲ ಕಾಣುತ್ತದೆ ನೋಡಿ. ಘಟ್ಟದ ಮೇಲೆ ಒಂದು ದೇವಸ್ಥಾನದ ಜಗಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದಾರೆ. ಮೇಷ್ಟ್ರು ಇಲ್ಲ. ನೆಲದ ಮೇಲೆ ಮರಳು ಹರಡಿ, ರಾಗವಾಗಿ ಹೇಳುತ್ತಾ, ಹೇಳಿದ್ದನ್ನು ಬೆರಳಲ್ಲಿ ಬರೆಯುತ್ತಾರೆ. ಮರೆತರೆ ಯಾರನ್ನು ಕೇಳುತ್ತೀರಿ ಎಂದು ಇವನು ಕೇಳುತ್ತಾನೆ. ನಾಲ್ಕು ಜನವೂ ಒಂದೇ ಕಡೆ ಮರೆಯಲಿಕ್ಕಿಲ್ಲ ಅಲ್ವಾ ಎಂಬರ್ಥದ ಉತ್ತರ ಬರುತ್ತದೆ. ಇಕ್ಕೇರಿಯ ಬೀದಿಯಲ್ಲಿ ರಾತ್ರಿ ಹುಡುಗಿಯರು ಕೋಲಾಟ ಆಡುವುದನ್ನೂ ನೋಡಿ ಬರೆದಿದ್ದಾನೆ. ಆ ಅರಮನೆ ಈಗ ಇಲ್ಲ. ಸಾಗರ ಪೇಟೆಯಿಂದ ಹೋದರೆ ಅಘೋರೇಶ್ವರ ದೇವಸ್ಥಾನ ಉಂಟು, ಸುತ್ತ ಗದ್ದೆ ತೋಟ. ಮರಳಿನ ಮೇಲೆ ಬರೆದದ್ದು ಮಾತ್ರ ಉಳಿದಿದೆ.

ನನ್ನ ಕಾದಂಬರಿ ಹುಟ್ಟಿದ್ದು ಆ ಪತ್ರಗಳಲ್ಲಿ ಬರುವ ಒಬ್ಬ ಹೆಂಗಸಿನಿಂದ. ದೆಲ್ಲಾ ವಲ್ಲೆ ಬರೆದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ಜಕ್ಕಮ್ಮ ಎನ್ನಬಹುದು. ಡೋಲು ಬಾರಿಸುವವನ ಹೆಂಡತಿ, ತೆಲುಗರವಳು. ಎಂದರೆ ಆ ಊರಿಗೆ ಅವಳೂ ಹೊರಗಿನವಳೇ. ಗಂಡ ಸತ್ತಿದ್ದ, ಅವಳು ಸಹಗಮನಕ್ಕೆ ಹೊರಟಿದ್ದಳು. ಹಾಗೆ ಹೊರಟ ಹೆಂಗಸು ಕುದುರೆಯ ಮೇಲೆ ಕೂತು, ಒಂದು ಕೈಯಲ್ಲಿ ಕನ್ನಡಿ, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು ಹಿಡಿದು ಬೀದಿಯಲ್ಲಿ ಹೋಗುವುದನ್ನು ಇವನು ಕಂಡಿದ್ದ. ಜಕ್ಕಮ್ಮನ ಮನೆಗೇ ಹೋಗಿ ಮಾತಾಡಿಸಿದ. ಬೇಡ ಎಂದು ಹೇಳಿದ. ಮಕ್ಕಳಿದ್ದಾರಲ್ಲ ಎಂದ. ಅವಳು ನಗುನಗುತ್ತಾ ಉತ್ತರ ಕೊಟ್ಟಳಂತೆ, ತನ್ನ ಇಷ್ಟದಿಂದಲೇ ಹೋಗುತ್ತಿದ್ದೇನೆ ಎಂದಳಂತೆ. ನಿನ್ನ ಹೆಸರು ಲೋಕದಲ್ಲಿ ಉಳಿಯುವ ಹಾಗೆ ಮಾಡುತ್ತೇನೆ ಎಂದು ಇವನು ಮಾತು ಕೊಟ್ಟ. ಉಳಿಸಿದ ಕೂಡ. 400 ವರ್ಷ ಆದ ಮೇಲೆ ಮಂಗಳೂರಿನಲ್ಲಿ ಕೂತು ನಾನು ಬರೆಯುತ್ತಿದ್ದೇನಲ್ಲ.

ಇನ್ನೊಂದು ಸಂಗತಿ ಉಂಟು. ಈ ಮನುಷ್ಯನ ಹೆಂಡತಿ ಮಾನಿ, ಬಾಗ್ದಾದಿನಲ್ಲಿ ಮದುವೆಯಾದವಳು, 1621ರಲ್ಲಿ ಪರ್ಷಿಯಾದಲ್ಲಿ ತೀರಿಕೊಂಡಿದ್ದಳು. ಅವಳ ದೇಹವನ್ನು ಕೆಡದ ಹಾಗೆ ಮಾಡಿಸಿ ಪೆಟ್ಟಿಗೆಯಲ್ಲಿ ಇಟ್ಟು, ದೇಶದಿಂದ ದೇಶಕ್ಕೆ ಸಾಗಿಸಿ, 1626ರಲ್ಲಿ ರೋಮಿನಲ್ಲಿ ಮಣ್ಣು ಮಾಡಿದ. ಎಂದರೆ ಜಕ್ಕಮ್ಮನ ಎದುರು ಕೂತು ಸತ್ತ ಗಂಡನಿಗಾಗಿ ಸಾಯಬೇಡ ಎಂದು ಹೇಳುತ್ತಿದ್ದವನಿಗೆ ತನ್ನ ಸತ್ತ ಹೆಂಡತಿಯನ್ನು ಬಿಡಲಿಕ್ಕೆ ಆಗಿರಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ನನ್ನ ತಲೆ ತಿಂದದ್ದು ಇವರಿಬ್ಬರೂ ಅಲ್ಲ. ಇವನಿಗೆ ಕನ್ನಡ ಬಾರದು, ತೆಲುಗು ಬಾರದು. ಅವಳಿಗೆ ಇವನ ಭಾಷೆ ಬಾರದು. ನಡುವೆ ಯಾರೋ ಒಬ್ಬ ಕೂತಿದ್ದ, ಅಲ್ವಾ? ಅವನು ಎಂತ ಹೇಳಿದ?

ನನ್ನ ಪುಸ್ತಕದಿಂದ ಅಷ್ಟು ಮಾತ್ರ ಇಲ್ಲಿ ಹಾಕುತ್ತೇನೆ. ಇದು ಪೂರ್ತಿ ನನ್ನ ಕಲ್ಪನೆ, ಪತ್ರದಲ್ಲಿ ಇಲ್ಲ.

"ಪರದೇಶಿ ಪೋರ್ಚುಗೀಸಿನಲ್ಲಿ ಕೇಳಿದ, ಇವಳಿಗೆ ಯಾರಾದರೂ ಒತ್ತಾಯ ಮಾಡಿದ್ದಾರಾ ಕೇಳು. ದುಭಾಷಿ ತಲೆ ಎತ್ತಿದ. ಬಾಗಿಲಲ್ಲಿ ಅವಳ ಮೈದುನಂದಿರು ನಿಂತಿದ್ದರು. ಗೋಡೆಯ ಬದಿಯಲ್ಲಿ ಕೇರಿಯ ಹೆಂಗಸರು. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಪರದೇಶಿ ನಾಳೆಯೋ ನಾಡಿದ್ದೋ ಹೋಗುವವನು. ತಾನು ಇದೇ ಬೀದಿಯಲ್ಲಿ ನಡೆಯಬೇಕು. 'ಮನಸ್ಸು ಗಟ್ಟಿ ಉಂಟಾ ಅಂತ ಕೇಳುತ್ತಾರೆ' ಎಂದ. ಮುದುಕಿಯೊಬ್ಬಳು ಅದನ್ನು ತೆಲುಗಿಗೆ ತಿರುಗಿಸಿದಳು. ಜಕ್ಕಮ್ಮ ಮುಡಿಯ ಹೂವು ಸರಿಮಾಡಿಕೊಂಡು ನಕ್ಕಳು, ಹೌದು ಎಂದಳು. ದುಭಾಷಿ ತಿರುಗಿ, 'ಯಾರ ಒತ್ತಾಯವೂ ಇಲ್ಲವಂತೆ' ಎಂದ. ಪರದೇಶಿ ತಲೆಯಾಡಿಸಿದ. ಜಕ್ಕಮ್ಮ ಮಾತ್ರ ದುಭಾಷಿಯನ್ನು ನೋಡಿದಳು. ಅವಳಿಗೆ ಸ್ವಲ್ಪ ಕನ್ನಡ ಬರುತ್ತಿತ್ತು."

ಇಂಥ ಜಾಗದಲ್ಲಿ ನಾನು ಯುದ್ಧ ಎಲ್ಲಿ ಹಾಕಲಿ ಹೇಳಿ.

ಮಾತು ತಿರುಗಿಸುವ ಈ ಕೆಲಸ ನಾನೂ ಮಾಡಿದ್ದೇನೆ. ಮುರುಕಲು ಅರಬ್ಬಿ ಕಲಿತ ಮೇಲೆ ಹೊಸದಾಗಿ ಬಂದ ನಮ್ಮ ಕಡೆಯ ಹುಡುಗರಿಗೆ ನಾನೇ ದುಭಾಷಿ. ಒಬ್ಬ ಹುಡುಗ ಸಂಬಳ ಮೂರು ತಿಂಗಳಿಂದ ಬಂದಿಲ್ಲ ಎಂದು ಕೇಳಿ ಎಂದ. ನಾನು ಮೇಲಿನವರ ಹತ್ತಿರ, ಇವನಿಗೆ ಮನೆಯಲ್ಲಿ ಸ್ವಲ್ಪ ತೊಂದರೆ ಉಂಟಂತೆ ಎಂದೆ. ನೇರ ಕೇಳಿದರೆ ಇಬ್ಬರ ಕೆಲಸವೂ ಹೋಗುತ್ತಿತ್ತು. ಸಂಬಳ ಅರ್ಧ ಬಂತು. ಹುಡುಗ ನನಗೆ ಥ್ಯಾಂಕ್ಸ್ ಹೇಳಿದ. ಆ ಥ್ಯಾಂಕ್ಸ್ ಈಗಲೂ ಚುಚ್ಚುತ್ತದೆ, ಯಾಕೆಂದರೆ ಅವನು ಕೇಳಿದ್ದನ್ನು ನಾನು ಕೇಳಲೇ ಇಲ್ಲ.

ನನ್ನ ಅಪ್ಪ ತೀರಿಕೊಂಡಾಗ ನನ್ನ ಪಾಸ್‌ಪೋರ್ಟ್ ಅರಮನೆಯವರ ಕಪಾಟಿನಲ್ಲಿ. ಬೀಗದ ಕೈ ಇದ್ದ ಮನುಷ್ಯ ದೊರೆಯ ಜೊತೆ ಮರುಭೂಮಿಗೆ ಗಿಡುಗ ಹಿಡಿದುಕೊಂಡು ಬೇಟೆಗೆ ಹೋಗಿದ್ದ. ಯಾವಾಗ ಬರುತ್ತಾನೆ ಎಂದು ಕೇಳುವ ಕ್ರಮ ಇಲ್ಲ. ದಿನಾ ಬೆಳಿಗ್ಗೆ ಹೂಜಿ ಉಜ್ಜಿದೆ, ಕಾಫಿ ಕೊಟ್ಟೆ. ಅವರು ವಾಪಸ್ ಬಂದು, ನಾನು ಊರಿಗೆ ಮುಟ್ಟುವಾಗ ಬೊಜ್ಜ ಎಂದರೆ ಉತ್ತರಕ್ರಿಯೆಯೂ ಮುಗಿದು ಚಪ್ಪರ ಬಿಚ್ಚಿ ಆಗಿತ್ತು. ಅಂಗಳದಲ್ಲಿ ಕಂಬ ಹುಗಿದ ಗುಂಡಿಗಳು ಮಾತ್ರ ಇದ್ದವು. ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ.

ನಮ್ಮ ಕರಾವಳಿಯಲ್ಲಿ ಇಂಥ ಹೊರಗಿನವರಿಗೆ ಬರಗಾಲ ಇಲ್ಲ. ಕದ್ರಿಯ ಜೋಗಿ ಮಠವನ್ನೇ ನೋಡಿ. 12 ವರ್ಷಕ್ಕೊಮ್ಮೆ ನಾಸಿಕದ ಹತ್ತಿರ ತ್ರ್ಯಂಬಕದ ಕುಂಭಮೇಳದಲ್ಲಿ ಆರಿಸಿದ ನಾಥಪಂಥದ ಯೋಗಿ ಒಬ್ಬರು ಜೋಗಿಗಳ ಗುಂಪಿನ ಜೊತೆ ನಡೆದುಕೊಂಡು ಬಂದು ಇಲ್ಲಿ ಪಟ್ಟಕ್ಕೆ ಕೂರುತ್ತಾರೆ. ಅವರನ್ನು ರಾಜ ಎಂದೇ ಕರೆಯುವುದು. ಈ ಹಿಂದಿನ ಪಟ್ಟಾಭಿಷೇಕ ಆದದ್ದು 2016ರಲ್ಲಿ. ದೆಲ್ಲಾ ವಲ್ಲೆ ಕೂಡ ಕದ್ರಿಗೆ ಹತ್ತಿ ಜೋಗಿಗಳ ರಾಜನನ್ನು ಕಂಡು ಬಂದಿದ್ದಾನೆ. ದೂರದ ಊರಿನಿಂದ ಬಂದು, ತುಳು ಕೇಳುತ್ತಾ, ನಮ್ಮ ಮಳೆಯಲ್ಲಿ 12 ವರ್ಷ ರಾಜನಾಗಿ ಇರುವುದು ಎಂದರೆ ಎಂತ ಅಂತ ಯಾರಾದರೂ ಬರೆದಿದ್ದೀರಾ? ಅಳಿಯಸಂತಾನದ ಅರಮನೆಗಳನ್ನು ತೆಗೆದುಕೊಳ್ಳಿ. ಅಲ್ಲಿ ಹಕ್ಕು ಹೋಗುವುದು ಹೆಣ್ಣಿನ ಕಡೆಯಿಂದ, ಸೋದರಮಾವನಿಂದ ಸೋದರಳಿಯನಿಗೆ. ಹಾಗಾಗಿ ರಾಣಿಯ ಗಂಡ ಎಂಬವನೇ ಆ ಮನೆಗೆ ಹೊರಗಿನವನು. ಚೌಟ ಮನೆತನದ ಉಳ್ಳಾಲದ ರಾಣಿ ಅಬ್ಬಕ್ಕನಿಗೂ ಅವಳ ಗಂಡ ಬಂಗರಸನಿಗೂ ಬಿರುಕು ಬಿದ್ದದ್ದು ಎಲ್ಲರಿಗೂ ಗೊತ್ತು. ಬಂಗರಸನನ್ನು ಖಳನಾಯಕ ಮಾಡಿ ಬರೆದವರು ಬೇಕಾದಷ್ಟು ಜನ. ಹೆಂಡತಿಯ ಅರಮನೆಯಲ್ಲಿ ಅವನು ಯಾವ ಮಣೆಯ ಮೇಲೆ ಕೂರುತ್ತಿದ್ದ, ಊಟಕ್ಕೆ ಯಾರು ಕರೆಯುತ್ತಿದ್ದರು, ಅದು ಎಲ್ಲೂ ಇಲ್ಲ.

ಅಬ್ಬಕ್ಕ ಎಂದ ಕೂಡಲೇ ಒಂದು ಕುದುರೆ, ಒಂದು ಕತ್ತಿ. ಇರಲಿ, ಬೇಡ ಎನ್ನುವುದಿಲ್ಲ. ಉಳ್ಳಾಲದವರು ಉತ್ಸವ ಮಾಡುತ್ತಾರೆ, ನಾನೂ ಹೋಗುತ್ತೇನೆ. ಅಬ್ಬಕ್ಕ ಒಬ್ಬರೋ ಇಬ್ಬರೋ ಮೂವರೋ ಎಂಬ ಜಗಳಕ್ಕೂ ನಾನು ಇಲ್ಲ. ಆದರೆ ಇಕ್ಕೇರಿಯಿಂದ ಇಳಿದು ಬಂದ ದೆಲ್ಲಾ ವಲ್ಲೆ ಗಂಜಿಮಠದ ಆಚೆಗಿನ ಮಣೇಲಿನಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕದೇವಿಯನ್ನು ಕಣ್ಣಾರೆ ಕಂಡದ್ದು ಹೇಗೆ ಗೊತ್ತುಂಟಾ? ಬೀದಿಯಲ್ಲಿ. ಮಣ್ಣು ಅಗೆಯುವ ಕೆಲಸ ನೋಡಿಕೊಂಡು ರಾಣಿ ನಡೆದು ಬರುತ್ತಿದ್ದರು. ಬರಿಗಾಲು. ಸೊಂಟಕ್ಕೆ ಹತ್ತಿಯ ಸೀರೆ, ತಲೆಯ ಮೇಲೆ ತಾಳೆಗರಿಯ ಕೊಡೆ, ಜೊತೆಗೆ ನಾಲ್ಕಾರು ಜನ. ನೋಡಿದರೆ ರಾಣಿಗಿಂತ ಅಡುಗೆಯವಳೋ ಬಟ್ಟೆ ಒಗೆಯುವವಳೋ ಅನ್ನಬೇಕು, ಮಾತಾಡಿದ ಮೇಲೆ ಗೊತ್ತಾಗುತ್ತದೆ ಎಂಬರ್ಥದಲ್ಲಿ ಬರೆದಿದ್ದಾನೆ. ನನಗೆ ಇದು ಅವಮಾನ ಅನಿಸುವುದಿಲ್ಲ. ನಮ್ಮ ಊರಿನ ಗುತ್ತಿನ ಮನೆಯ ಅಮ್ಮ ಗದ್ದೆಯ ಹುಣಿಯಲ್ಲಿ ನಿಂತ ಹಾಗೆ ಕಾಣುತ್ತದೆ. ಆ ಬರಿಗಾಲನ್ನು ಕುದುರೆಯ ಮೇಲೆ ಹತ್ತಿಸಿದವರು ನಾವು.

ಅಲ್ಲೇ ಇನ್ನೊಂದು ತಮಾಷೆ. ರಾಣಿಯ ಮಗ ಇವನಿಗೆ ಊಟ ಹಾಕಿಸಿದ. ನೆಲದ ಮೇಲೆ ಎಲೆ, ಎಲೆಯಲ್ಲಿ ಅನ್ನ. ಇವನು ಕೈಯಲ್ಲಿ ತಿನ್ನದೆ ತನ್ನ ಚಮಚ, ಮುಳ್ಳುಚಮಚ ತೆಗೆದ. ಸುತ್ತ ನಿಂತವರು ನೋಡಿ ನೋಡಿ "ದೇವರು, ದೇವರು" ಎಂದರಂತೆ. ತನ್ನನ್ನು ದೊಡ್ಡ ಮನುಷ್ಯ, ದೇವರ ಹಾಗೆ ಎಂದು ಹೊಗಳಿದರು ಅಂತ ಅವನು ಖುಷಿಯಲ್ಲಿ ಬರೆದಿದ್ದಾನೆ. ನನಗೆ ಓದುವಾಗ ಅನುಮಾನ. ನಮ್ಮ ಕಡೆಯವರು ಒಬ್ಬ ಗಂಡಸು ಅನ್ನವನ್ನು ಚುಚ್ಚಿ ಚುಚ್ಚಿ ತಿನ್ನುವುದನ್ನು ನೋಡಿದರೆ "ದೇವರೇ!" ಎಂದಿರುತ್ತಾರೆ ಮಾರಾಯ್ರೇ. ಯಾರು ಸರಿ ಅಂತ ಗೊತ್ತಿದ್ದದ್ದು ದುಭಾಷಿ ಒಬ್ಬನಿಗೆ. ಅವನೂ ಸುಮ್ಮನಿದ್ದಾನೆ. ಅಷ್ಟು ಬುದ್ಧಿ ಇಲ್ಲದಿದ್ದರೆ ಆಸ್ಥಾನದಲ್ಲಿ ಬದುಕಲಿಕ್ಕೆ ಆಗುತ್ತದಾ?

ಹಾಗಾಗಿ ಪ್ರಕಾಶಕರೇ, ಯುದ್ಧ ಹಾಕುವುದಿಲ್ಲ. ಹಸ್ತಪ್ರತಿ 212 ಪುಟ ಉಂಟು, ಯಾರಿಗೆ ಬೇಕಾದರೂ ಕೊಡುತ್ತೇನೆ. 60 ಪುಟದ ಕಾಯುವಿಕೆಯಲ್ಲಿ 15 ಪುಟ ಕಡಿಮೆ ಮಾಡಲಿಕ್ಕೆ ತಯಾರಿದ್ದೇನೆ, ಮೊಮ್ಮಗಳು ಕೂಡ ಅಲ್ಲಿ ಸ್ವಲ್ಪ ಎಳೆದಿದ್ದೀರಿ ಅಜ್ಜ ಅಂತ ಹೇಳಿದ್ದಾಳೆ. ಲೇಖಕರಿಗೆ ಬೇಕಾದರೆ ಕಾಫಿ ಕಪ್ಪಿನ ಕಥೆ ತೆಗೆದುಕೊಳ್ಳಿ, ನನ್ನನ್ನು ಕೇಳಬೇಕಾಗಿಲ್ಲ.

ಒಂದೇ ಒಂದು ಕಡೆ ಕೈ ಹಾಕಬೇಡಿ. ಕೊನೆಯ ಅಧ್ಯಾಯದಲ್ಲಿ, ಮಣೇಲಿನ ಬೀದಿಯಲ್ಲಿ, ರಾಣಿ ಆ ಪರದೇಶಿಯನ್ನು ನಿನ್ನ ದೇಶ ಬಿಟ್ಟು ಇಷ್ಟು ದೂರ ಯಾಕೆ ಬಂದೆ ಎಂದು ಕೇಳುತ್ತಾರೆ. ಅದನ್ನು ನಾನು ತುಳುವಿನಲ್ಲೇ ಬರೆದಿದ್ದೇನೆ, "ಊರು ಬುಡ್ದು ದಾಯೆ ಬತ್ತಿನಿ?" ಎಂದು. ಕೆಳಗೆ ಅರ್ಥ ಹಾಕಿಲ್ಲ. ಘಟ್ಟದ ಮೇಲೆ ತಿಂಗಳುಗಟ್ಟಲೆ ಬೇರೆಯವರ ಮಾತನ್ನೇ ಆಡಿ ಬಂದ ದುಭಾಷಿಗೆ ತನ್ನ ಮನೆಯ ಮಾತು ಕಿವಿಗೆ ಬಿದ್ದದ್ದು ಅದೇ ಮೊದಲು. ಪ್ರಶ್ನೆ ತನಗೇ ಕೇಳಿದ್ದು ಎಂದುಕೊಂಡು ಅವನು ಉತ್ತರ ಹೇಳಲಿಕ್ಕೆ ಬಾಯಿ ತೆರೆಯುತ್ತಾನೆ.

ಇತಿ,
ಒಬ್ಬ ಹಳೆಯ ಪ್ಯಾಂಟ್ರಿಯವ, ಮಂಗಳೂರು